ಗಾಬರಿ ಬಿದ್ದ ಪೋಷಕರು: ದೋಷ ಪತ್ತೆ ಮತ್ತು ರಿಪೇರಿ

ಶಿರಸಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಮಿಕ್ಸಿ, ಟಿವಿ, ಇನ್ವರ್ಟರ್, ಮೈಕ್‌ಸೆಟ್, ಈಗೀಗ ಸಿಸಿ ಕ್ಯಾಮೆರಾ. ಮಳೆಗಾಲದಲ್ಲಿ ಕೆಲಸ ಜಾಸ್ತಿ. ನಮ್ಮ ಕಡೆಯ ತೇವಕ್ಕೆ ಬೋರ್ಡುಗಳು ಹಸಿರು ಕಟ್ಟುತ್ತವೆ. ಇನ್ವರ್ಟರ್ ಒಳಗೆ ಇರುವೆಗಳು ಸಂಸಾರ ಹೂಡುತ್ತವೆ. ಸ್ವಿಚ್ ಬೋರ್ಡ್ ಬಿಚ್ಚಿದರೆ ಹಲ್ಲಿ ಸತ್ತು ಒಣಗಿರುತ್ತದೆ. ಇವೆಲ್ಲ ನನಗೆ ಅಭ್ಯಾಸವಾದ ದೋಷಗಳು.

ಕೆಲವು ವರ್ಷಗಳಿಂದ ಇನ್ನೊಂದು ಉಪಕರಣ ಪದೇ ಪದೇ ಕೆಡುವುದನ್ನು ನೋಡುತ್ತಿದ್ದೇನೆ. ಅದರ ಹೆಸರು ಪೋಷಕರು. ಇದರ ಜೊತೆ ಯಾರೂ ಕೈಪಿಡಿ ಕೊಡುವುದಿಲ್ಲ. ವಾರಂಟಿಯೂ ಇಲ್ಲ. ನಾನೂ ಅದೇ ಮಾಡೆಲ್, ಮಗ ಏಳನೇ ಕ್ಲಾಸು. ಒಳಗಿನ ವೈರಿಂಗ್ ಸ್ವಲ್ಪ ಗೊತ್ತಿದೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಲಕ್ಷಣಗಳು

ದೂರದ ಯಾವುದೋ ಊರಿನ ಶಾಲೆಯಲ್ಲಿ ಹುಡುಗರು ಹೊಡೆದಾಡಿಕೊಂಡದ್ದು ಟಿವಿಯಲ್ಲಿ ಬರುತ್ತದೆ. ಹತ್ತು ಸೆಕೆಂಡಿನ ವಿಡಿಯೊ. ಅದನ್ನೇ ಒಂದು ಗಂಟೆ ತಿರುಗಿಸಿ ತೋರಿಸುತ್ತಾರೆ, ಕೆಂಪು ಗೋಲ ಬೇರೆ ಎಳೆದಿರುತ್ತಾರೆ. ಉಪಕರಣ ಬಿಸಿಯಾಗಲು ಶುರು. ಮೊದಲು ಹೆಬ್ಬೆರಳಿಗೆ ಜೀವ ಬಂದು ಫಾರ್ವರ್ಡ್ ಒತ್ತುತ್ತದೆ. ಆಮೇಲೆ "ಈಗಿನ ಮಕ್ಕಳು" ಎಂಬ ಮಾತು, ಬ್ಯಾಟರಿ ಇಳಿದ ಇನ್ವರ್ಟರಿನ ಬೀಪಿನ ಹಾಗೆ, ಅರ್ಧ ನಿಮಿಷಕ್ಕೊಮ್ಮೆ ಕೇಳಿಸುತ್ತದೆ. ಅದರ ಬೆನ್ನಿಗೇ "ನಮ್ಮ ಕಾಲದಲ್ಲಿ" ಅಂತ ಇನ್ನೊಂದು ಸದ್ದು. ಎರಡೂ ಒಟ್ಟಿಗೆ ಬಂದರೆ ದೋಷ ಖಾತ್ರಿ.

ನಮ್ಮ ಕಾಲದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನನ್ನ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಎರಡನೇ ಕ್ಲಾಸಿನಲ್ಲಿ ಪಾಟಿಯಿಂದ ಹೊಡೆದದ್ದು. ಹೊಡೆದವನು ಈಗ ನಮ್ಮ ಪೋಷಕರ ಗ್ರೂಪಿನ ಅಡ್ಮಿನ್.

ಇದನ್ನು ಮಾಮೂಲಿ ಚಿಂತೆಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಮಾಮೂಲಿ ಚಿಂತೆ ಇರುವ ತಾಯಿ "ನನ್ನ ಮಗಳು ಮೂರು ದಿನದಿಂದ ಡಬ್ಬಿ ಖಾಲಿ ಮಾಡ್ತಾ ಇಲ್ಲ" ಎನ್ನುತ್ತಾಳೆ. ಅಲ್ಲಿ ಒಂದು ಮಗು ಇದೆ, ಒಂದು ಡಬ್ಬಿ ಇದೆ, ಮೂರು ದಿನ ಎಂಬ ಲೆಕ್ಕ ಇದೆ. ದೋಷ ಬಂದ ಪೋಷಕರ ಮಾತಿನಲ್ಲಿ "ಮಕ್ಕಳು", "ಸಮಾಜ", "ಮೊಬೈಲು" ಇರುತ್ತವೆ. ಅವರ ಮಗು ಪಕ್ಕದ ಕೋಣೆಯಲ್ಲಿ ಕೂತು ಭಾಗಾಕಾರ ತಪ್ಪು ಮಾಡುತ್ತಿರುತ್ತದೆ, ಅದು ಮಾತಿನಲ್ಲಿ ಬರುವುದೇ ಇಲ್ಲ.

ಕೈ ಹಾಕುವ ಮುನ್ನ

ಮೇನ್ ಸ್ವಿಚ್ ಆಫ್ ಮಾಡಿ. ಅಂದರೆ ಮೊಬೈಲ್ ಡೇಟಾ. ಕರೆಂಟ್ ಹರಿಯುತ್ತಿರುವಾಗ ಪೋಷಕರನ್ನು ಬಿಚ್ಚಲು ಹೋಗಬಾರದು, ಶಾಕ್ ಹೊಡೆಯುತ್ತದೆ. "ಸ್ವಲ್ಪ ತಾಳಿ, ವಿಚಾರಿಸೋಣ" ಎಂದು ಗ್ರೂಪಿನಲ್ಲಿ ಬರೆದ ಒಬ್ಬರಿಗೆ ಹದಿನಾರು ಜನ ಉತ್ತರ ಕೊಟ್ಟರು. ಅದರಲ್ಲಿ ಒಬ್ಬರು "ನಿಮಗೆ ಮಕ್ಕಳಿಲ್ಲವಾ?" ಎಂದು ಕೇಳಿದರು. ಅವರಿಗೆ ಮೂರು ಮಕ್ಕಳು, ಮೂರೂ ಅದೇ ಶಾಲೆ.

ಇದು ತಮಾಷೆ ಅಷ್ಟೇ ಅಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಯಾಪ್ ಸುದ್ದಿ ದೇಶ ತುಂಬ ಹರಿದಾಡಿತು. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಸ್ನೇಹಿತರ ಜೊತೆ ಬಂದಿದ್ದ ಒಬ್ಬ ಇಂಜಿನಿಯರನ್ನು ಜನ ಹೊಡೆದು ಕೊಂದರು. ಅವರ ತಂಡದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಗಾಬರಿಗೆ ಅಷ್ಟು ಸಾಕಾಯಿತು. ಅದೇ ತಿಂಗಳು ವಾಟ್ಸ್ಯಾಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಕಡೆಗಿಂತ ಜಾಸ್ತಿ ಕಳಿಸಲು ಆಗದ ಹಾಗೆ ಮಿತಿ ಹಾಕಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಫ್ಯೂಸ್ ಸಣ್ಣದು ಹಾಕಿದರು. ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಸುತ್ತುವವರು ನಮ್ಮಲ್ಲಿ ಯಾವಾಗಲೂ ಇದ್ದಾರೆ: ಐದೈದಾಗಿ ಕೂತು ಕಳಿಸುತ್ತಾರೆ.

ಹಾಗಂತ ಎಲ್ಲ ಅಲಾರಂ ಸುಳ್ಳು ಎಂದು ವೈರ್ ಕತ್ತರಿಸಿ ಹಾಕಬೇಡಿ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಎಂದು ಇಮೇಲ್ ಬಂತು. ಪೊಲೀಸರು ಹೋದರು, ಮಕ್ಕಳನ್ನು ಹೊರಗೆ ಕಳಿಸಿದರು, ಹುಡುಕಿದರು, ಏನೂ ಸಿಗಲಿಲ್ಲ. ಹುಡುಕಿದ್ದು ಸರಿಯೇ. ಅಲಾರಂ ಆದರೆ ಹೋಗಿ ನೋಡಬೇಕು. ನೋಡದೆ ಊರೆಲ್ಲ ಕೂಗಿಕೊಂಡು ಓಡುವುದನ್ನು ನಾನು ಇಲ್ಲಿ ದೋಷ ಎನ್ನುತ್ತಿದ್ದೇನೆ.

ಮೊದಲ ಪರೀಕ್ಷೆ: ತಂತಿ ಹಿಡಿದು ಹಿಂದಕ್ಕೆ ಹೋಗುವುದು

ದೀಪ ಉರಿಯದಿದ್ದರೆ ಹೋಲ್ಡರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬೋರ್ಡಿಗೆ, ಟೆಸ್ಟರ್ ಇಟ್ಟು ಹಿಂದೆ ಹಿಂದೆ ಹೋಗುತ್ತೇವೆ. ಸುದ್ದಿಗೂ ಹೀಗೇ ಮಾಡಬೇಕು. ಒಮ್ಮೆ ನಾನೇ ಮಾಡಿದ್ದೇನೆ, ಅದನ್ನು ಪೂರ್ತಿ ಹೇಳುತ್ತೇನೆ.

ಮಾರ್ಚ್ ತಿಂಗಳು. ಸಂಜೆ ನಾಲ್ಕೂ ಹತ್ತಕ್ಕೆ ಗ್ರೂಪಿನಲ್ಲಿ ಮೊದಲ ಮೆಸೇಜ್: "ನಮ್ಮ ಶಾಲೆಯ ಹುಡುಗನ ಬ್ಯಾಗಿನಲ್ಲಿ ಚಾಕು ಸಿಕ್ಕಿದೆಯಂತೆ." ನಾಲ್ಕೂವರೆಗೆ ಚಾಕುವಿನ ಜೊತೆ ಬಿಳಿ ಪುಡಿ ಸೇರಿತು. ಐದಕ್ಕೆ ಕೆಂಪು ಪುಡಿಯೂ ಬಂತು. ಒಬ್ಬರು ಬರೆದರು, ಬಿಳಿಯದು ಒಂದು ನಶೆ, ಕೆಂಪು ಅದಕ್ಕಿಂತ ಅಪಾಯದ್ದು, ಯಾವುದೋ ದೇಶದಲ್ಲಿ ಬ್ಯಾನ್ ಆಗಿದೆ ಎಂದು. ಐದೂಕಾಲಕ್ಕೆ ಗ್ಯಾಂಗ್ ತಯಾರಾಯಿತು. ಐದೂವರೆಗೆ ಗ್ಯಾಂಗಿಗೆ ಒಂದು ಹೆಸರೂ ಬಂತು, ಇಂಗ್ಲಿಷ್ ಹೆಸರು. ಬಸ್ಸಿಗೆ ದೇವಿಮನೆ ಘಟ್ಟ ಇಳಿಯಲು ಬೇಕಾದಷ್ಟು ಹೊತ್ತೂ ಈ ಸುದ್ದಿಗೆ ಬೇಕಾಗಲಿಲ್ಲ. ಆರಕ್ಕೆ ಕುಮಟಾದಿಂದ ನನ್ನ ಭಾವನ ಫೋನು. "ನಿಮ್ಮಲ್ಲಿ ಶಾಲೆ ಒಳಗೇ ಕೊಲೆ ಆಯ್ತಂತಲ್ಲ ಮಾರಾಯಾ? ಎಷ್ಟು ಜನ?"

ಆ ರಾತ್ರಿ ನಾನು ಒಳ್ಳೆಯ ರಿಪೇರಿಯವನಂತೆ ನಡೆದುಕೊಳ್ಳಲಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಮರುದಿನ ಬುದ್ಧಿ ಬಂದು ಟೆಸ್ಟರ್ ಕೈಗೆತ್ತಿಕೊಂಡೆ. ಮೆಸೇಜ್ ಹಾಕಿದವರಿಗೆ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ನೀವು ಕಣ್ಣಾರೆ ಕಂಡಿರಾ? ಇಲ್ಲದಿದ್ದರೆ ಯಾರು ಹೇಳಿದ್ದು?" ಏಳು ಜನ ದಾಟಿದೆ. ಎಲ್ಲರೂ "ಅಂತೆ". ಎಂಟನೆಯವರು ಒಬ್ಬ ಅಪ್ಪ. ಅವರಿಗೆ ಹೇಳಿದ್ದು ಅವರ ಮಗಳು. ಮಗಳನ್ನು ಫೋನಿಗೆ ಕರೆದು ಕೇಳಿದರೆ ಅವಳು ಹೇಳಿದಳು: "ಅವನು ಮಾವಿನಕಾಯಿ ಕೊಯ್ಯಲಿಕ್ಕೆ ಚಾಕು ತಂದಿದ್ದ. ಉಪ್ಪು, ಖಾರದ ಪುಡಿನೂ ತಂದಿದ್ದ. ನನಗೆ ಎರಡು ಹೋಳು ಕೊಟ್ಟ."

ಅಪ್ಪ ಮೆಸೇಜ್ ಹಾಕುವಾಗ ಮಾವಿನಕಾಯಿ ಬಿಟ್ಟಿದ್ದರು. ಇಡೀ ಸರ್ಕ್ಯೂಟಿನಲ್ಲಿ ಬಿಟ್ಟುಹೋದ ಪಾರ್ಟು ಅದೊಂದೇ.

ಶಾಲೆಗೆ ಹೋಗಿ ಅಕ್ಕೋರನ್ನು ಕೇಳಿದೆ. "ಚಾಕು ತರಬಾರದು ಅಂತ ಹೇಳಿ ತೆಗೆದಿಟ್ಟಿದ್ದೇನೆ, ಸಂಜೆ ಅವನ ಅಜ್ಜನ ಕೈಗೆ ಕೊಡ್ತೇನೆ" ಎಂದರು. ಕೆಂಪು ಪುಡಿ? "ಅದು ಸ್ವಲ್ಪ ಜಾಸ್ತಿ ಖಾರ ಇತ್ತು" ಎಂದರು. ಅವರೂ ತಿಂದಿದ್ದರು ಅಂತ ಕಾಣುತ್ತದೆ.

ಗ್ರೂಪಿನಲ್ಲಿ ಮಾವಿನಕಾಯಿ ವಿಷಯ ಬರೆದೆ. ನಾಲ್ಕು ಜನ ಹೆಬ್ಬೆಟ್ಟು ತೋರಿಸಿದರು. ಒಬ್ಬರು "ಇವತ್ತು ಮಾವಿನಕಾಯಿ, ನಾಳೆ?" ಎಂದು ಕೇಳಿದರು. ನಾಳೆ ಹಣ್ಣು ಅಂತ ಬರೆಯಬೇಕು ಅನ್ನಿಸಿತು, ಬರೆಯಲಿಲ್ಲ.

ಕೂಗು ಎಲ್ಲಿಂದ ಬರುತ್ತದೆ

ಮದುವೆ, ಯಕ್ಷಗಾನಗಳಿಗೆ ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇನೆ. ಒಮ್ಮೊಮ್ಮೆ ಭಾಗವತರು ಬಾಯಿ ತೆರೆಯುವ ಮೊದಲೇ "ಕುಂಯ್ಯ್" ಎಂದು ಮೈಕ್ ಕೂಗುತ್ತದೆ. ಸಭೆಯಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡು ಭಾಗವತರನ್ನು ನೋಡುತ್ತಾರೆ. ಅವರು ಪಾಪ ಜಾಗಟೆ ಹಿಡಿದು ಸುಮ್ನೆ ಕೂತಿರುತ್ತಾರೆ.

ಆಗುವುದು ಇಷ್ಟು. ಸ್ಪೀಕರಿನಿಂದ ಬಂದ ಸಣ್ಣ ಸದ್ದು ಮೈಕಿಗೆ ಹೋಗುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಅದು ಮತ್ತೆ ಮೈಕಿಗೆ. ಮತ್ತೆ ದೊಡ್ಡದು. ಹೊರಗಿನಿಂದ ಹೊಸ ಸದ್ದು ಏನೂ ಬೇಡ, ತನ್ನ ಸದ್ದನ್ನು ತಾನೇ ತಿಂದು ದಪ್ಪಗಾಗುತ್ತದೆ. ನಮ್ಮ ಗ್ರೂಪಿನ ಮೆಸೇಜ್ ನೋಡಿ ಒಬ್ಬ ವರದಿಗಾರ ಬಂದ. "ಪೋಷಕರಲ್ಲಿ ಆತಂಕ" ಎಂದು ಸುದ್ದಿ ಆಯಿತು. ಆ ಸುದ್ದಿ ನೋಡಿದ ಪೋಷಕರಿಗೆ ಆತಂಕ ಆಯಿತು. ಅದರ ಫೋಟೊ ತೆಗೆದು ಗ್ರೂಪಿಗೆ ಹಾಕಿದರು.

ಇನ್ವರ್ಟರ್ ರಿಪೇರಿಗೆ ಬಂದ ಕಾಲೇಜು ಮಾಸ್ತರೊಬ್ಬರು ಇದನ್ನು ಕೇಳಿ ನಕ್ಕರು. 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲ ಊರಿನಲ್ಲಿ ಎರಡು ಗುಂಪಿನ ಹುಡುಗರು ತಳ್ಳಾಡಿಕೊಂಡರಂತೆ. ಒಂದಷ್ಟು ಗಾಜು ಒಡೆಯಿತು. ಪತ್ರಿಕೆಗಳು ಯುದ್ಧವೇ ಆದ ಹಾಗೆ ಬರೆದವು. ಸ್ಟಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರದ ವಿದ್ವಾಂಸರು ಇದನ್ನೇ ಹಿಡಿದು ಅಧ್ಯಯನ ಮಾಡಿ 1972ರಲ್ಲಿ ಪುಸ್ತಕ ಬರೆದರು. ಸುದ್ದಿಯಿಂದ ಗಾಬರಿ, ಗಾಬರಿಯಿಂದ ಬಿಗಿ ಕಾವಲು, ಅದರಿಂದ ಇನ್ನಷ್ಟು ಗಲಾಟೆ, ಇನ್ನಷ್ಟು ಸುದ್ದಿ. ಇದಕ್ಕೆ ಅವರು ಬಳಸಿದ ಮಾತು ಆಂಪ್ಲಿಫಿಕೇಶನ್. ನಮ್ಮ ಕಸುಬಿನ ಶಬ್ದವೇ! ಆವತ್ತು ಮಾಸ್ತರಿಗೆ ಇಪ್ಪತ್ತು ರೂಪಾಯಿ ಕಡಿಮೆ ತಗೊಂಡೆ.

ಮೈಕ್ ಕೂಗಿದರೆ ವಾಲ್ಯೂಮ್ ಸ್ವಲ್ಪ ಇಳಿಸಬೇಕು. ಮೈಕಿನ ಮುಖ ಸ್ಪೀಕರಿನಿಂದ ಆಚೆ ತಿರುಗಿಸಬೇಕು. ಗ್ರೂಪಿನಲ್ಲಿ ಇದರ ಅರ್ಥ, ಸುದ್ದಿ ನೋಡಿದ ಕೂಡಲೇ ಅದೇ ಗ್ರೂಪಿಗೆ ಬರೆಯಬೇಡಿ. ಶಾಲೆಗೆ ಫೋನ್ ಮಾಡಿ. ಭಾಗವತರನ್ನು ಬದಲಿಸಿದರೆ ಕೂಗು ನಿಲ್ಲುವುದಿಲ್ಲ. ನಮ್ಮವರು ಯಾವಾಗಲೂ ಮೊದಲು ಮಾಡುವುದು ಅದನ್ನೇ.

ಸರಿ ಇರುವ ಪಾರ್ಟ್ ಕೀಳುವ ಚಟ

ಕಲಿಯುವ ಹುಡುಗರಿಗೆ ಈ ಚಟ ಇರುತ್ತದೆ. ಮಿಕ್ಸಿ ತಿರುಗದಿದ್ದರೆ ಮೋಟಾರೇ ಬಿಚ್ಚುತ್ತಾರೆ. ಅಡಿಯಲ್ಲಿ ಓವರ್‌ಲೋಡಿನ ಕೆಂಪು ಬಟನ್ ಹೊರಗೆ ಬಂದಿರುತ್ತದೆ, ಒತ್ತಿದರೆ ಸಾಕು. ಪೋಷಕರ ಕೇಸಿನಲ್ಲೂ ಅಷ್ಟೇ. ಪ್ರತಿ ಕಾಲಕ್ಕೂ ಕೀಳಲು ಒಂದು ಪಾರ್ಟ್ ಸಿಗುತ್ತದೆ. 1954ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೇ ಕೂತು, ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೋ ಎಂದು ವಿಚಾರಣೆ ಮಾಡಿತು. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಬಂದೂಕು ಹಿಡಿದು ಹನ್ನೆರಡು ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಘೋರ ಘಟನೆ. ಆಮೇಲೆ ತಪ್ಪು ಹೊತ್ತವರ ಪಟ್ಟಿಯಲ್ಲಿ ಕಂಪ್ಯೂಟರ್ ಗೇಮ್, ಒಬ್ಬ ರಾಕ್ ಗಾಯಕ, ಕಪ್ಪು ಉದ್ದ ಕೋಟು ಎಲ್ಲ ಸೇರಿದವು. ಕೋಟು! ಹುಡುಗರ ಕೈಗೆ ಬಂದೂಕು ಹೇಗೆ ಬಂತು ಎಂಬ ಪ್ರಶ್ನೆಗಿಂತ ಕೋಟಿನ ಬಟ್ಟೆ ಹಿಡಿದು ನೋಡುವುದು ಸುಲಭ.

ನಮ್ಮಲ್ಲಿ 2017ರಲ್ಲಿ ಬ್ಲೂ ವೇಲ್ ಬಂತು. ಮಕ್ಕಳನ್ನು ಸಾಯಿಸುವ ಆಟ ಇದೆ, ಮೊಬೈಲಿನೊಳಗೆ ಬರುತ್ತದೆ ಎಂದು. ನನ್ನ ಅಂಗಡಿಗೇ ಒಬ್ಬರು ಮಿಕ್ಸಿ ಜೊತೆ ಮೊಬೈಲನ್ನೂ ತಂದು "ಇದರಲ್ಲಿ ನೀಲಿ ತಿಮಿಂಗಿಲ ಇದ್ಯಾ ನೋಡು" ಎಂದಿದ್ದರು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ಹೇಳಿತು: ತನಿಖೆ ಮಾಡಿ ನೋಡಿದ ಯಾವ ಸಾವಿಗೂ ಆ ಆಟದ ನಂಟು ಸಾಬೀತಾಗಿಲ್ಲ. ಆ ಸುದ್ದಿ ನಮ್ಮ ಯಾವ ಗ್ರೂಪಿಗೂ ಬರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಸೇರಿ 118 ಆ್ಯಪ್ ಬ್ಯಾನ್ ಆದಾಗ, ಮಕ್ಕಳು ಹಾಳಾಗುವುದು ನಿಂತಿತು ಎಂದು ನಮ್ಮೂರಿನಲ್ಲಿ ಸಿಹಿ ಹಂಚಿದವರಿದ್ದಾರೆ. ಸರ್ಕಾರ ಬ್ಯಾನ್ ಮಾಡಿದ್ದು ದೇಶದ ಭದ್ರತೆ, ಬಳಕೆದಾರರ ಮಾಹಿತಿ ಸೋರಿಕೆ ಎಂಬ ಕಾರಣಕ್ಕೆ. ಹೊಡೆದಾಟದ ಆಟ ಎಂದಲ್ಲ.

ರಿಪೇರಿಯಲ್ಲಿ ಸರಳ ಪರೀಕ್ಷೆ ಒಂದಿದೆ. ಅನುಮಾನ ಬಂದ ಪಾರ್ಟನ್ನು ತೆಗೆದು, ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದು. ಗೇಮ್ ತೆಗೆದು ಯಕ್ಷಗಾನ ಹಾಕಿ ನೋಡಿ. ನಾನು ಆರು ವರ್ಷದವನಿದ್ದಾಗ ಅಜ್ಜನ ತೊಡೆ ಮೇಲೆ ಕೂತು ದುಶ್ಶಾಸನ ವಧೆ ನೋಡಿದ್ದೇನೆ. ರಾತ್ರಿ ಮೂರು ಗಂಟೆ. ಚಂಡೆ ಎದೆಗೆ ಬಡಿಯುತ್ತಿತ್ತು. ಭೀಮ ಹೊಟ್ಟೆ ಸೀಳಿ ಕೆಂಪು ಬಟ್ಟೆ ಎಳೆದೆಳೆದು ತೆಗೆದ, ಕೊರಳಿಗೆ ಹಾಕಿಕೊಂಡ. ನಿದ್ದೆ ಹೋಗಿದ್ದ ಮಕ್ಕಳನ್ನೂ "ಏಳ್ರೋ, ಭೀಮ ಬಂದ" ಎಂದು ದೊಡ್ಡವರೇ ಎಬ್ಬಿಸಿದರು. ಮರುದಿನ ನಾವು ಅಡಿಕೆ ಹಾಳೆಯ ಕಿರೀಟ, ದಬ್ಬೆಯ ಗದೆ ಮಾಡಿಕೊಂಡು ಹಿತ್ತಲಲ್ಲಿ ಒಬ್ಬರ ಹೊಟ್ಟೆ ಒಬ್ಬರು ಸೀಳಿದೆವು. ಆಮೇಲೆ ಅವಲಕ್ಕಿ ತಿಂದೆವು. ಗುಣವಂತೆಯಿಂದ ಯಲ್ಲಾಪುರದ ತನಕ ತಲೆಮಾರುಗಳು ಹೀಗೆ ಬೆಳೆದಿವೆ. ನೋಡಿದ್ದು ಮಕ್ಕಳ ಮೇಲೆ ಏನೂ ಪರಿಣಾಮ ಮಾಡುವುದಿಲ್ಲ ಎನ್ನುತ್ತಿಲ್ಲ. ನನಗೆ ಮೂರು ರಾತ್ರಿ ಹೆದರಿಕೆ ಇತ್ತು. ಅಜ್ಜ ಪಕ್ಕದಲ್ಲಿದ್ದ, ಕೇಳಿದರೆ ಕಥೆ ಹೇಳುತ್ತಿದ್ದ. ಮೊಬೈಲ್ ಹಿಡಿದ ಹುಡುಗನ ಪಕ್ಕ ಈಗ ಯಾರು ಕೂತಿರುತ್ತಾರೆ, ಅದನ್ನು ಮೀಟರಿನಲ್ಲಿ ಅಳೆಯಿರಿ.

ತಪ್ಪು ಪಾರ್ಟ್ ಮನುಷ್ಯನಾಗಿದ್ದಾಗ ಇದು ನಗುವ ವಿಷಯವಲ್ಲ. 2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಅವತ್ತೇ ಬಸ್ ಕಂಡಕ್ಟರನನ್ನು ಹಿಡಿದರು. ಸಿಟ್ಟಿಗೆದ್ದ ಜನ ಶಾಲೆ ಹತ್ತಿರದ ಮದ್ಯದ ಅಂಗಡಿ ಸುಟ್ಟರು. ಎರಡು ತಿಂಗಳ ಮೇಲೆ ಸಿಬಿಐ ಅದೇ ಶಾಲೆಯ ಹನ್ನೊಂದನೇ ಕ್ಲಾಸಿನ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು. ಕಂಡಕ್ಟರನನ್ನು ಕೋರ್ಟು ಕೇಸಿನಿಂದ ಬಿಟ್ಟಿತು. ಅಷ್ಟರಲ್ಲಿ ಊರೆಲ್ಲ ಅವನ ಮುಖ ನೋಡಿ ಆಗಿತ್ತು.

ಡಿಟೆಕ್ಟರ್ ಕೊಟೇಶನ್

ಮಾವಿನಕಾಯಿ ಆಗಿ ವಾರಕ್ಕೆ ಸಭೆ ಕರೆದರು. ಮಾವಿನಕಾಯಿ ಎಂದು ಗೊತ್ತಾದ ಮೇಲೂ ಸಭೆ ನಿಲ್ಲಲಿಲ್ಲ, ಯಾಕೆಂದರೆ ಕುರ್ಚಿಗೆ ಹೇಳಿ ಆಗಿತ್ತು. ಒಬ್ಬರು ಎದ್ದು "ಮಾಸ್ತರ್ರೆ, ಶಾಲೆಯಲ್ಲಿ ಹಿಂಸೆ ಜಾಸ್ತಿ ಆಗಿದೆ. ನಾಲ್ಕು ಬಿಗೀರಿ, ನಾವೇನೂ ಕೇಳೋದಿಲ್ಲ" ಎಂದರು. ಚಪ್ಪಾಳೆ ಬಿತ್ತು. ಹೊಡೆತ ನಿಲ್ಲಿಸಲು ಹೊಡೆಯಬೇಕು ಎಂಬುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಹೆಡ್ ಮಾಸ್ತರು ಮಾತ್ರ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವ ಹಾಗಿಲ್ಲ, ಮನಸ್ಸಿಗೆ ಹಿಂಸೆ ಕೊಡುವ ಹಾಗೂ ಇಲ್ಲ ಎಂದರು. ಅದಕ್ಕೆ ಚಪ್ಪಾಳೆ ಬೀಳಲಿಲ್ಲ.

ಇನ್ನೊಬ್ಬ ಹಿರಿಯರು ಗೇಟಿಗೆ ಮೆಟಲ್ ಡಿಟೆಕ್ಟರ್ ಬೇಕು ಎಂದು ಠರಾವು ಮಂಡಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು. "ನೀನೇ ಒಂದು ಕೊಟೇಶನ್ ಕೊಡೋ."

ನಾನು ಪರಿಚಯದವರ ಹತ್ತಿರ ಕೈಯಲ್ಲಿ ಹಿಡಿಯುವ ಡಿಟೆಕ್ಟರ್ ಒಂದನ್ನು ಮೊದಲೇ ತಂದಿದ್ದೆ. ವ್ಯಾಪಾರ ಅಲ್ವಾ. ಅದು ಕೆಲಸ ಮಾಡುವ ರೀತಿ ಸರಳ. ಒಳಗೆ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ಕರೆಂಟು ಸುತ್ತಲೂ ಅಯಸ್ಕಾಂತದ ಕ್ಷೇತ್ರ ಹುಟ್ಟಿಸುತ್ತದೆ, ಅದು ಏರುತ್ತ ಇಳಿಯುತ್ತ ಇರುತ್ತದೆ. ಹತ್ತಿರ ಲೋಹ ಬಂದರೆ ಆ ಲೋಹದೊಳಗೂ ಸಣ್ಣ ಕರೆಂಟು ಹುಟ್ಟುತ್ತದೆ. ಅದು ಸುರುಳಿಗೆ ಗೊತ್ತಾಗಿ ಬೀಪ್ ಎನ್ನುತ್ತದೆ. ಚಾಕುವೋ ಚಟ್ನಿ ಡಬ್ಬಿಯೋ, ಅದಕ್ಕೆ ಎಲ್ಲ ಒಂದೇ. ಒಂದು ಮಗುವಿನ ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿ, ಕಂಪಾಸ್ ಪೆಟ್ಟಿಗೆ, ಅದರೊಳಗೆ ಚೂಪು ಮುಳ್ಳಿನ ಕೈವಾರ, ಮಳೆಗಾಲವಾದರೆ ಕೊಡೆ. ಬೀಪ್ ಆಗದ ಮಗು ಸಿಕ್ಕರೆ ಅದು ಊಟ ತಂದಿಲ್ಲ ಎಂದು ಅರ್ಥ. ಒಂದು ಮಗುವಿಗೆ 10 ಸೆಕೆಂಡ್ ಹಿಡಿದರೂ 400 ಮಕ್ಕಳಿಗೆ ಒಂದು ಗಂಟೆ ದಾಟುತ್ತದೆ. ಜುಲೈ ತಿಂಗಳ ಮಳೆಯಲ್ಲಿ, ಗೇಟಿನ ಹೊರಗೆ.

ತೋರಿಸಿಬಿಡೋಣ ಎಂದು ಸಭೆಯಲ್ಲಿದ್ದವರ ಮೇಲೆಯೇ ಆಡಿಸಿದೆ. ಬೀಗದ ಕೈ, ಬೆಲ್ಟು, ಬಳೆ, ಮೊಬೈಲು ಎಲ್ಲ ಕೂಗಿದವು. ಠರಾವು ಮಂಡಿಸಿದ ಹಿರಿಯರ ಹತ್ತಿರ ಬಂದಾಗ ಜೋರಾಗಿ ಕೂಗಿತು. ಅವರು ಕವಳದ ಸಂಚಿ ಬಿಚ್ಚಿದರು. ಒಳಗೆ ಅಡಕತ್ತರಿ, ಒಂದು ಮಡಚುವ ಚಾಕು. ಬಿಳಿ ವಸ್ತುವೂ ಇತ್ತು, ಸುಣ್ಣ. ಆವತ್ತು ಶಾಲೆಯ ಅಂಗಳದಲ್ಲಿ ಸಿಕ್ಕ ಏಕೈಕ ಆಯುಧ ಅದು.

ಡಿಟೆಕ್ಟರ್ ಬಿದ್ದುಹೋಯಿತು. ಬದಲಿಗೆ ನಾಲ್ಕು ಸಿಸಿ ಕ್ಯಾಮೆರಾ ಎಂದು ಠರಾವಾಯಿತು. ನಾನೇ ಹಾಕಿದೆ, ಲಾಭವೂ ಆಯಿತು, ಮುಚ್ಚಿಡುವುದಿಲ್ಲ. ಗೇಟು, ಆಫೀಸು, ವರಾಂಡ, ಅಂಗಳ. ಈ ತನಕ ಸೆರೆ ಸಿಕ್ಕವರು ಎರಡು ದನ ಮತ್ತು ಮಂಗಗಳ ಒಂದು ಹಿಂಡು.

ಮೀಟರ್ ಇಟ್ಟರೆ

ಅಂದಾಜಿನಲ್ಲಿ ರಿಪೇರಿ ಮಾಡಬಾರದು, ಮೀಟರ್ ಇಡಬೇಕು. ಎರಡು ರೀಡಿಂಗ್ ಕೊಡುತ್ತೇನೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಕೇಳಿದ್ದರು. ಮೂವರಲ್ಲಿ ಇಬ್ಬರು ಪೆಟ್ಟು ತಿಂದವರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ ಶೇ. 88.6ರಷ್ಟು ಮಕ್ಕಳಿಗೆ ಹೊಡೆದದ್ದು ಅಪ್ಪ, ಅಮ್ಮ. ಶಾಲೆಗೆ ಹೋಗುವವರಲ್ಲಿ ಶೇ. 65ರಷ್ಟು ಮಕ್ಕಳು ಶಾಲೆಯಲ್ಲೂ ಪೆಟ್ಟು ತಿಂದಿದ್ದರು. ಹಳೆಯ ರೀಡಿಂಗ್, ಒಪ್ಪಿದೆ. ಆದರೆ ಸಭೆಯ ಚಪ್ಪಾಳೆ ಕೇಳಿದ ಮೇಲೆ ಮುಳ್ಳು ತುಂಬ ಕೆಳಗೆ ಇಳಿದಿರಲಿಕ್ಕಿಲ್ಲ ಅನ್ನಿಸುತ್ತದೆ.

ಇನ್ನೊಂದು ಅಮೆರಿಕದ್ದು. ಕೊಲಂಬೈನ್ ಆದ ಮೇಲೆ ಅಲ್ಲಿನ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ 37 ಶಾಲಾ ದಾಳಿಗಳನ್ನು ಬಿಚ್ಚಿ ನೋಡಿದವು, 2002ರಲ್ಲಿ ವರದಿ ಬಂತು. ದಾಳಿ ಮಾಡುವ ಹುಡುಗ ಹೀಗೇ ಇರುತ್ತಾನೆ ಎಂಬ ಒಂದು ಚಹರೆ ಅವರಿಗೆ ಸಿಗಲಿಲ್ಲ. ಹಿಂಸೆಯ ವಿಡಿಯೊ ಗೇಮಿನಲ್ಲಿ ಆಸಕ್ತಿ ಇದ್ದವರು ಎಂಟರಲ್ಲಿ ಒಬ್ಬರು. ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಹುಡುಗರು ತಮ್ಮನ್ನು ಬೇರೆಯವರು ಪೀಡಿಸುತ್ತಿದ್ದರು ಎಂದು ನೊಂದಿದ್ದವರು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಶೇ. 81ರಷ್ಟು ಪ್ರಕರಣಗಳಲ್ಲಿ ಇನ್ನೊಬ್ಬರಿಗೆ ಮೊದಲೇ ವಿಷಯ ಗೊತ್ತಿತ್ತು. ಆ ಇನ್ನೊಬ್ಬರು ಹೆಚ್ಚಾಗಿ ಸ್ನೇಹಿತ, ಸಹಪಾಠಿ ಅಥವಾ ಅಣ್ಣತಮ್ಮ.

ಅಂದರೆ ನಿಜವಾದ ಅಲಾರಂ ಬರುವ ತಂತಿ ಮಗುವಿನ ಬಾಯಿಂದ ದೊಡ್ಡವರ ಕಿವಿಗೆ ಇದೆ. ಬ್ಯಾಗ್ ಸುರಿದು, ಮೊಬೈಲ್ ಕಿತ್ತುಕೊಂಡು, ಎರಡು ಬಿಗಿದು ನಾವು ಮೊದಲು ಕತ್ತರಿಸುವುದು ಆ ತಂತಿಯನ್ನೇ.

ರಿಪೇರಿ

ಸಾಮಾನು ಏನೂ ಬೇಡ. ಶಾಲೆಯಿಂದ ಬಂದ ಮಗುವಿಗೆ "ಇವತ್ತು ಎಂತ ಕಲಿಸಿದರು?" ಎಂದು ಕೇಳಿದರೆ "ಎಂತದೂ ಇಲ್ಲ" ಎನ್ನುತ್ತದೆ. "ಬಸ್ಸಿನಲ್ಲಿ ಯಾರ ಪಕ್ಕ ಕೂತಿದ್ದೆ?" ಎಂದು ಕೇಳಿ, ಅಲ್ಲಿಂದ ದಾರ ಬಿಚ್ಚುತ್ತದೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಶಾಲೆಗೆ ಹೋಗಲು ಒಲ್ಲೆ ಎನ್ನುವುದು, ಹೊಟ್ಟೆನೋವು ಸೋಮವಾರವೇ ಬರುವುದು, ಪೆನ್ನು ಡಬ್ಬಿ ಪದೇ ಪದೇ ಕಳೆಯುವುದು, ಇವು ಸುಟ್ಟ ವಾಸನೆ. ಇಂಥದಕ್ಕೆ ಅಕ್ಕೋರ ಹತ್ತಿರ ಹೋಗಿ, ಒಬ್ಬರೇ ಹೋಗಿ. ದೊಡ್ಡ ವಿಷಯವಾದರೆ, ಯಾರಾದರೂ ಮೈ ಮುಟ್ಟಿದ್ದು, ಮಗುವಿಗೆ ಪೆಟ್ಟಾಗುವ ಅಪಾಯ ಇರುವುದು, 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಗ್ರೂಪಿನಲ್ಲಿ 1098 ನಂಬರನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ನೋಡಿಲ್ಲ.

ಕರಾವಳಿಯ ಕಡೆಯವರು ಇನ್ನೊಂದು ನೋಡಿಕೊಳ್ಳಿ. ನನ್ನ ಭಾವನ ಮಗಳು ದಿನಾ ಎರಡು ಸಲ ಹೈವೇ 66 ದಾಟಿ ಶಾಲೆಗೆ ಹೋಗುತ್ತಾಳೆ. ಘಟ್ಟದ ಮೇಲೆ ಇನ್ನೂ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ ಇರುವ ಊರುಗಳಿವೆ, ಮಕ್ಕಳು ಅದರ ಮೇಲೇ ದಾಟುತ್ತವೆ. ಕೊಲೆ ಎಷ್ಟು ಎಂದು ನನಗೆ ಫೋನ್ ಮಾಡಿದ ಭಾವ ಆ ಹೈವೇ ದಾಟುವ ಜಾಗಕ್ಕೆ ಒಂದು ಅರ್ಜಿ ಬರೆದವನಲ್ಲ. ಈಗ ಬರೆಸಿದ್ದೇನೆ.

ನನ್ನದೇ ಕೇಸು

ಚಾಕುವಿನ ಮೆಸೇಜ್ ಬಂದ ರಾತ್ರಿ ನಾನು ಮಗನ ಬ್ಯಾಗ್ ಜಗುಲಿ ಮೇಲೆ ಸುರಿದೆ. ಪುಸ್ತಕ, ಡಬ್ಬಿ, ಕಂಪಾಸ್ ಪೆಟ್ಟಿಗೆ, ಅರ್ಧ ತಿಂದ ಪೇರಲೆ, ಉಂಡೆ ಹಾಕಿ ಹೊಡೆಯುವ ಬಿದಿರಿನ ಒಂದು ಪೆಟ್ಲು. ಪೆಟ್ಲು ಕಿತ್ತುಕೊಂಡೆ. ಬಂದೂಕಿನ ತಮ್ಮ ಅಲ್ವಾ ಅದು. ಬ್ಯಾಗನ್ನು ತಿರುಗಿಸುವಾಗ ಏನೋ ಕೈಗೆ ಚುಚ್ಚಿತು. ಒಂದು ಬದಿಯ ಪಟ್ಟಿ ಕಿತ್ತು ಹೋಗಿತ್ತು, ಪಿನ್ನು ಹಾಕಿ ನಿಲ್ಲಿಸಿದ್ದ. "ಹೊಸ ಬ್ಯಾಗ್ ಹೀಗಾ ಇಟ್ಟುಕೊಳ್ಳೋದು?" ಎಂದು ಬೈದೆ. ಅವನು ಒಂದೂ ಮಾತಾಡದೆ ಪುಸ್ತಕ ತುಂಬಿಸಿಕೊಂಡ.

ವಾಸನೆ ಹಿಡಿದು ಸುಟ್ಟ ಪಾರ್ಟ್ ಹೇಳುವವನು ನಾನು. ಪಟ್ಟಿ ಕೈಗೆ ಸಿಕ್ಕರೂ ಯಾಕೆ ಹರಿಯಿತು ಅಂತ ಕೇಳಲಿಲ್ಲ.

ಹದಿನೈದು ದಿನದ ಮೇಲೆ ಅವನು ಅವನ ಆಯಿಯ ಹತ್ತಿರ ಹೇಳಿದ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವ ಹೈಸ್ಕೂಲಿನ ಹುಡುಗನೊಬ್ಬ ದಿನಾ ಬ್ಯಾಗಿನ ಪಟ್ಟಿ ಹಿಡಿದು ಜಗ್ಗುತ್ತಿದ್ದ. ಇಳಿಯುವ ಸ್ಟಾಪ್ ಬಂದರೂ ಬಿಡುತ್ತಿರಲಿಲ್ಲ. ಎರಡು ಸಲ ಮುಂದಿನ ಸ್ಟಾಪಿಗೆ ಹೋಗಿ ನಡೆದು ಬಂದಿದ್ದ. ಒಂದೂವರೆ ತಿಂಗಳಿಂದ. ನನ್ನ ನಾಲ್ಕು ಕ್ಯಾಮೆರಾಗಳಲ್ಲಿ ಒಂದೂ ಬಸ್ಸಿನಲ್ಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀನು ಗ್ರೂಪಿಗೆ ಹಾಕ್ತೆ ಅಂದ್ಕೊಂಡೆ ಅಪ್ಪಾ."

ಅಕ್ಕೋರಿಗೆ ಹೇಳಿದೆ. ಅವರು ಹೈಸ್ಕೂಲಿನ ಮಾಸ್ತರ ಜೊತೆ ಮಾತಾಡಿ, ಆ ಹುಡುಗನನ್ನು ಕರೆಸಿ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದರು. ಬಸ್ಸಿನಲ್ಲಿ ಅವನ ಸೀಟು ಡ್ರೈವರ್ ಹಿಂದಕ್ಕೆ ಬಂತು. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರು ಪಟ್ಟಿಗೆ ಎರಡು ಸುತ್ತು ಹೊಲಿಗೆ ಹಾಕಿ ಇಪ್ಪತ್ತು ರೂಪಾಯಿ ತಗೊಂಡರು.

ಪೆಟ್ಲು ವಾಪಸ್ ಕೊಟ್ಟೆ. ಅರ್ಧ ಗಂಟೆಯೊಳಗೆ ಒದ್ದೆ ಕಾಗದದ ಉಂಡೆಯೊಂದು ಸರಿಯಾಗಿ ನನ್ನ ಎಡ ಹುಬ್ಬಿನ ಮೇಲೆ, ಹಳೆ ಗಾಯದ ಪಕ್ಕ ಬಂದು ಬಡಿಯಿತು. ಗ್ರೂಪಿಗೆ ಹಾಕಿಲ್ಲ.